ನಾನು ಅವನ ಅಲಾರಂ ಆಗಿದ್ದೆ

ಇವತ್ತು ನನ್ನ ಕಥೆಯಿಂದಲೇ ಶುರು ಮಾಡ್ತೀನಿ.

ನಾಲ್ಕು ವರ್ಷ ನಾನು ಒಬ್ಬ ಹುಡುಗನ ಅಲಾರಂ ಆಗಿದ್ದೆ. ಬೆಳಿಗ್ಗೆ ಎಬ್ಬಿಸೋದು, ಊಟ ಆಯ್ತಾ ಅಂತ ವಿಚಾರಿಸೋದು, ಅವನು ಕೂಗಾಡಿದ್ದಕ್ಕೆ ಗೆಳೆಯರ ಹತ್ರ ಸಾರಿ ಕೇಳೋದು, ಎಲ್ಲ ನಾನೇ. ಒಂದು ರಾತ್ರಿ 'ಮನಸ್ಸು ಸರಿಯಿಲ್ಲ' ಅಂದ. ಮರುದಿನ ನನ್ನ ಇಂಟರ್ವ್ಯೂ ಇತ್ತು. ಹೋಗಲಿಲ್ಲ. ಅದನ್ನ ತ್ಯಾಗ ಅಂದ್ಕೊಂಡೆ. ನಿಜ ಹೇಳ್ಬೇಕಂದ್ರೆ, ನಾನಿಲ್ಲದೆಯೂ ಅವನು ಚೆನ್ನಾಗಿದ್ದುಬಿಟ್ರೆ ಅನ್ನೋ ಭಯವೂ ಇತ್ತು.

ಇದನ್ನ ಕೋಡಿಪೆಂಡೆನ್ಸಿ ಅಂತಾರೆ. ಈ ಪದ ಬೆಳೆದಿದ್ದು ಅಮೆರಿಕದಲ್ಲಿ, ಕುಡಿತ ಬಿಡಿಸುವವರ ವಲಯದಲ್ಲಿ. ಕುಡಿಯುವವರನ್ನು ಸಂಭಾಳಿಸುತ್ತಾ ತಮ್ಮ ಬದುಕನ್ನೇ ಮರೆತ ಮನೆಯವರ ಬಗ್ಗೆ ಹೇಳ್ತಿದ್ದ ಮಾತು ಅದು. 1986ರಲ್ಲಿ ಬಂದ ಮೆಲಡಿ ಬೀಟಿಯವರ 'ಕೋಡಿಪೆಂಡೆಂಟ್ ನೋ ಮೋರ್' ಪುಸ್ತಕ ಅದನ್ನು ಮನೆಮಾತಾಗಿಸಿತು. ನೆನಪಿರಲಿ, ಇದು ಅಧಿಕೃತ ಕಾಯಿಲೆಯ ಹೆಸರಲ್ಲ.

ಆದ್ರೆ ನನಗೆ ಇದನ್ನ ಕಲಿಸಿದ್ದು ಯಾವ ಪುಸ್ತಕವೂ ಅಲ್ಲ. ಭೀಮನ ಅಮಾವಾಸ್ಯೆ ದಿನ ಅಮ್ಮ ಅಪ್ಪನ ಪಾದಪೂಜೆ ಮಾಡೋದನ್ನ ನೋಡ್ತಾ ಬೆಳೆದೆ. ಅಪ್ಪ ಅಮ್ಮನಿಗೋಸ್ಕರ ಒಂದು ಹೊತ್ತು ಉಪವಾಸ ಇದ್ದಿದ್ದು ನೋಡಿಲ್ಲ. ಸಹಿಸ್ಕೊಂಡು ಹೋಗೋಳೇ ಒಳ್ಳೆಯವಳು ಅನ್ನೋದು ಹಾಗೇ ಒಳಗಿಳಿದಿತ್ತು.

ಅವನಿಗೆ ಕಲಿಸಿದ್ದೇ ಬೇರೆ. ನಗುವ ಹೆಂಗಸನ್ನ, ಅಳುವ ಗಂಡಸನ್ನ ನಂಬಬಾರದು ಅಂತ ಗಾದೆನೇ ಇದೆಯಲ್ಲ! ಗೆಳೆಯರ ಮುಂದೆ ಅಳೋ ಹಾಗಿಲ್ಲ, ಅಪ್ಪನ ಹತ್ರ ಹೇಳೋ ಹಾಗಿಲ್ಲ. ಉಳಿದವಳು ನಾನೊಬ್ಬಳೇ. ಅವನಿಗೆ ಅನ್ನ ಮಾಡ್ಕೊಳ್ಳೋಕೂ ಬರ್ತಿರಲಿಲ್ಲ, ದುಃಖ ಹೇಳ್ಕೊಳ್ಳೋಕೂ ಬರ್ತಿರಲಿಲ್ಲ. ನನಗೆ 'ಆಗಲ್ಲ' ಅನ್ನೋಕೆ ಬರ್ತಿರಲಿಲ್ಲ. ಈ ಎರಡು ಕೊರತೆ ಒಂದಕ್ಕೊಂದು ಅಂಟಿಕೊಂಡಿದ್ದನ್ನೇ ನಾವು ಪ್ರೀತಿ ಅಂದ್ಕೊಂಡ್ವಿ.

ಹಾಗಂತ ಕಾಳಜಿ ತಪ್ಪಲ್ಲ. ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಇವತ್ತು ಇದನ್ನ ಮಾಡದಿದ್ರೆ ನನಗೆ ಬೇಜಾರಾಗುತ್ತಾ, ಭಯ ಆಗುತ್ತಾ? ಭಯ ಅಂದ್ರೆ ಸ್ವಲ್ಪ ನಿಂತು ಯೋಚಿಸಿ. ಹೊಡೆತದ ಭಯ ಆಗಿದ್ರೆ ಅದು ಕೋಡಿಪೆಂಡೆನ್ಸಿ ಅಲ್ಲ, ಹಿಂಸೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಮನಸ್ಸಿನ ಭಾರಕ್ಕೆ ಟೆಲಿ ಮಾನಸ್ ಇದೆ, 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹುಡುಗರೇ, ಇದು ನಿಮಗೂ.

ಕೊನೆಗೊಂದು ದಿನ ನಾನು ಎಬ್ಬಿಸಲಿಲ್ಲ. ಅವನು ಆಫೀಸಿಗೆ ಲೇಟಾದ, ಸಿಟ್ಟಾದ. ಮೂರನೇ ದಿನ ತಾನೇ ಫೋನಲ್ಲಿ ಅಲಾರಂ ಇಟ್ಕೊಂಡ. ನನಗೆ ಖುಷಿಯಾಗ್ಬೇಕಿತ್ತು. ಅತ್ತುಬಿಟ್ಟೆ. ಎದ್ದೇಳಬೇಕಾಗಿದ್ದು ಅವನೊಬ್ಬನೇ ಅಲ್ಲ ಅಂತ ಗೊತ್ತಾಗಿದ್ದು ಆವಾಗ.

ಮುಂದಿನ ವಾರ ಸಿಗೋಣ.