ನಾಯಿಯ ಹೊಟ್ಟೆಗೂ ಹೊತ್ತುಂಟು
(ಕೆಂಗೇರಿ ಆಚೆಯ ಗ್ರಾಮಸ್ಥರ ಸಭೆಯಲ್ಲಿ ವಿಜಯನಗರದ ಪಶುವೈದ್ಯರೊಬ್ಬರು ಮಾಡಿದ ಭಾಷಣ)



ಹಸು, ಎಮ್ಮೆಗಳ ಮಾತಾಡಬೇಕಾದವನು ನಾಯಿಯ ಹೊಟ್ಟೆಯ ವಿಷಯ ತೆಗೆದನಲ್ಲಾ ಎಂದು ತಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಆದರೆ ರಾತ್ರಿಯೆಲ್ಲ ಕೊಟ್ಟಿಗೆ ಕಾಯುವ ಪ್ರಾಣಿ ಅದೇ ಅಲ್ಲವೆ?

ನಾನಿರುವ ವಿಜಯನಗರದಲ್ಲಿ ನಾಯಿ ಸಾಕಿದವರು ಬೆಳಿಗ್ಗೆ ನನ್ನನ್ನು ದಾರಿಯಲ್ಲೇ ನಿಲ್ಲಿಸಿ, "ಡಾಕ್ಟ್ರೇ, ನಮ್ಮ ನಾಯಿ ಹಳದಿ ನೊರೆ ಕಕ್ಕಿತು, ಯಾರಾದರೂ ವಿಷ ಹಾಕಿದರೋ ಏನೋ" ಎನ್ನುತ್ತಾರೆ. ನಿನ್ನೆ ಊಟ ಹಾಕಿದ್ದು ಯಾವಾಗ ಎಂದು ಕೇಳುತ್ತೇನೆ. ಮಧ್ಯಾಹ್ನ, ಒಂದೇ ಸಲ ಎಂಬುದು ಸಾಮಾನ್ಯವಾಗಿ ಬರುವ ಉತ್ತರ.

ಊಟ ಬಿದ್ದಾಗ ನಾಯಿಯ ಹೊಟ್ಟೆ ನಿಮಿಷಕ್ಕೆ ಸುಮಾರು 5 ಸಲ ಹಿಂಡಿ ಅರೆಯುತ್ತದೆ. ದೊಡ್ಡ ಊಟವಾದರೆ ಈ ಕೆಲಸ ಹಲವು ಗಂಟೆ ನಡೆದೀತು. ಅರೆದು ಮುಗಿದರೂ ಹೊಟ್ಟೆ ಸುಮ್ಮನಿರುವುದಿಲ್ಲ. ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಬಲವಾದ ಅಲೆಯೊಂದು ಎದ್ದು, ಉಳಿದ ಚೂರುಪಾರನ್ನು ಅಂಗಳ ಗುಡಿಸಿದಂತೆ ಕರುಳಿನುದ್ದಕ್ಕೂ ತಳ್ಳುತ್ತದೆ. ಉಪವಾಸವಿದ್ದ ನಾಯಿಗಳ ಕರುಳಿನಲ್ಲಿ ಇಂಥ ಅಲೆ ಸಾಗುವುದನ್ನು ಅಮೆರಿಕದ ಶರೀರಶಾಸ್ತ್ರಜ್ಞ ಶುರ್ಷೆವ್ಸ್ಕಿ 1969ರಲ್ಲಿ ವಿವರಿಸಿದರು. ಮತ್ತೆ ಊಟ ಹಾಕಿದರೆ ಗುಡಿಸುವುದು ನಿಂತು ಅರೆಯುವುದು ಶುರು.

ಬಹಳ ಹೊತ್ತು ಬರಿದಾದ ಹೊಟ್ಟೆಗೆ ಕೆಲವು ನಾಯಿಗಳಲ್ಲಿ ಪಿತ್ತ ಹಿಂದಕ್ಕೆ ಹರಿದು ಬಂದು ಉರಿಸುತ್ತದೆ. ಮುಂಜಾನೆಯ ಹಳದಿ ನೊರೆ ಅನೇಕ ವೇಳೆ ಇದೇ. ಅದೇ ಊಟವನ್ನು ಎರಡು ಪಾಲು ಮಾಡಿ, ಎರಡನೆಯದನ್ನು ಮಲಗುವ ಮುಂಚೆ ಹಾಕಿ ನೋಡಿ. ಹೊತ್ತು ತಪ್ಪಿಸಬೇಡಿ. ನಾಯಿ ಆ ಹೊತ್ತಿಗೆ ತಾನೇ ತಟ್ಟೆಯ ಬಳಿ ಬಂದು ಕೂರುತ್ತದೆ. ಊಟದ ಸುಳಿವಿಗೇ ಅದರ ಜಠರರಸ ಹರಿಯುವುದೆಂದು ತೋರಿಸಿದ ರಷ್ಯದ ಪಾವ್ಲೊವ್ 1904ರಲ್ಲಿ ನೊಬೆಲ್ ಬಹುಮಾನ ಪಡೆದರು. ಆದರೆ ವಾಂತಿ ನಿಲ್ಲದಿದ್ದರೆ, ರಕ್ತ ಕಂಡರೆ, ನಡುಕ ಬಂದರೆ, ಮರಿಯಾಗಿದ್ದರಂತೂ, ಪಿತ್ತವೆಂದು ಕಾಯದೆ ಆಸ್ಪತ್ರೆಗೆ ತನ್ನಿ.

ಇನ್ನೊಂದು ಮಾತು. ಎಳೆಹುಲ್ಲು ತಿಂದು ಹಸುವಿನ ಹೊಟ್ಟೆ ಉಬ್ಬಿದರೆ ತಾವು ಎಣ್ಣೆ ಕುಡಿಸುತ್ತೀರಿ. ನಾಯಿಗೆ ಅದು ನಡೆಯದು. ಮುಧೋಳ ನಾಯಿಯಂಥ ಆಳವಾದ ಎದೆಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ, ತಿರುಚಿಕೊಂಡು, ಎರಡು ಬಾಯಿಯೂ ಮುಚ್ಚಿಹೋಗುವುದುಂಟು. ದಿನಕ್ಕೊಂದೇ ಸಲ ಗಬಗಬನೆ ತಿನ್ನುವ ನಾಯಿಗೆ ಈ ಭಯ ಹೆಚ್ಚು. ಹೊಟ್ಟೆ ತಮಟೆಯಂತಾಗಿ, ಓಕರಿಸಿದರೂ ಏನೂ ಬಾರದಿದ್ದರೆ ಶಸ್ತ್ರಚಿಕಿತ್ಸೆಯೊಂದೇ ದಾರಿ, ಅದೂ ಗಂಟೆಗಳ ಲೆಕ್ಕದಲ್ಲಿ.

ನಾನು ಓದುತ್ತಿದ್ದ ಕಾಲದಲ್ಲಿ ನಮ್ಮ ಮನೆಯ ನಾಯಿ ಹೀಗೆಯೇ ಹೋಯಿತು. ರಾತ್ರಿ ಓಕರಿಸುತ್ತಿತ್ತು, ಅಜೀರ್ಣವೆಂದು ಓಮಿನ ನೀರು ಕುಡಿಸಿ ಮಲಗಿದೆವು. ಈಗಿರುವ ನಾಯಿಗೆ ಬೆಳಿಗ್ಗೆ ಎಂಟಕ್ಕೆ ಅರ್ಧ, ರಾತ್ರಿ ಒಂಬತ್ತಕ್ಕೆ ಅರ್ಧ. ತಿಂದ ಮೇಲೆ ಒಂದು ಗಂಟೆ ಓಡಲು ಬಿಡುವುದಿಲ್ಲ.