ಪೊರೆಯ ಬೇನೆ

ಗುಂಡ್ಲುಪೇಟೆಯಿಂದ ತೆಂಕಣಕ್ಕೆ ಹೊರಟ ಹೆದ್ದಾರಿ ಬಂಡೀಪುರದ ಕಾಡನ್ನು ಹಾಯ್ದು ನೀಲಗಿರಿಯನ್ನು ಏರುತ್ತದೆ. ಆ ಬೆಟ್ಟಗಳ ಗಿರಿಜನರ ರಕ್ತದಲ್ಲಿ ಕುಡುಗೋಲು ಕಣದ ಲಕ್ಷಣವಿದೆಯೆಂದು ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು 1952ರಲ್ಲಿ ಪ್ರಕಟಿಸಿದರು. ರಕ್ತಕ್ಕೆ ರಾಜ್ಯದ ಗಡಿ ತಿಳಿಯದಷ್ಟೆ. ಇತ್ತ ಗುಂಡ್ಲುಪೇಟೆಯ ಕಾಡಂಚಿನ ಹಾಡಿಗಳಲ್ಲಿಯೂ ಚಾಮರಾಜನಗರ ಜಿಲ್ಲೆಯ ಸೋಲಿಗರ ಪೋಡುಗಳಲ್ಲಿಯೂ ಈ ರೋಗ ಉಂಟು.

ರೋಗದ ಹೆಸರು ಆಕಾರದಿಂದ ಬಂದದ್ದು. 1910ರಲ್ಲಿ ಷಿಕಾಗೋದ ವೈದ್ಯ ಹೆರಿಕ್ ಕುಡುಗೋಲಿನಂತೆ ಬಾಗಿದ ಕಣಗಳನ್ನು ವರ್ಣಿಸಿದ. 1949ರಲ್ಲಿ ಪಾಲಿಂಗ್ ಮತ್ತು ಸಂಗಡಿಗರು ದೋಷವಿರುವುದು ಹಿಮೋಗ್ಲೋಬಿನ್ನಿನಲ್ಲಿ ಎಂದು ತೋರಿಸಿದರು. 146 ಅಮೈನೋ ಆಮ್ಲಗಳ ಸರಪಳಿಯಲ್ಲಿ ಆರನೆಯದೊಂದು ಬದಲಾಗಿದೆ, ಅಷ್ಟೇ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ನಾನು ಹೇಳಹೊರಟದ್ದು ಇದರ ಮುಂದಿನ ಮಾತು, ಕಣದ ಪೊರೆಯ ಮಾತು.

ಕೆಂಪು ಕಣದ ಅಗಲ 7-8 ಮೈಕ್ರಾನ್. ಅದು ನುಸುಳಬೇಕಾದ ಲೋಮನಾಳಗಳಲ್ಲಿ ಕೆಲವು ಅದಕ್ಕಿಂತಲೂ ಕಿರಿದು. ಆದರೂ ಅದು ಮೈ ಮಡಿಸಿ ನುಸುಳುತ್ತದೆ. ಪೊರೆಯ ಒಳಮೈಗೆ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನ ಬಲೆಯಿದೆ. ಬಿದಿರು ಬುಟ್ಟಿಯ ಹೆಣಿಗೆಯಂತೆ ಬಾಗುತ್ತದೆ, ಮುರಿಯುವುದಿಲ್ಲ. ಬಲೆಯನ್ನು ಪೊರೆಗೆ ಬಿಗಿದ ಗೂಟಗಳಲ್ಲಿ ‘ಬ್ಯಾಂಡ್ ಮೂರು’ ಎಂಬ ಪ್ರೋಟೀನು ಮುಖ್ಯವಾದದ್ದು. ಆಮ್ಲಜನಕ ಇಳಿದಾಗ ದೋಷದ ಹಿಮೋಗ್ಲೋಬಿನ್ ಸರಳುಗಟ್ಟುತ್ತದೆ, ದೊರೆತಾಗ ಕರಗುತ್ತದೆ. ಮತ್ತೆ ಮತ್ತೆ ಹೀಗಾಗಿ ಪೊರೆ ಜರ್ಜರಿತವಾಗುತ್ತದೆ. ಕೆಟ್ಟ ಹಿಮೋಗ್ಲೋಬಿನ್ ಬ್ಯಾಂಡ್ ಮೂರಕ್ಕೆ ಅಂಟಿ ಗೂಟಗಳನ್ನು ಗುಂಪುಗೂಡಿಸುತ್ತದೆ. ಪೊರೆಯ ಒಳಪದರದ ಮೇದಸ್ಸು ಹೊರಕ್ಕೆ ಮಗುಚುತ್ತದೆ. ನೀರು ಸೋರಿ ಕಣ ಒಣಗುತ್ತದೆ. ಜಾರಿ ಹೋಗಬೇಕಾದದ್ದು ನಾಳದ ಗೋಡೆಗೆ ಅಂಟಿಕೊಳ್ಳುತ್ತದೆ. 120 ದಿನ ಬಾಳಬೇಕಾದ ಕಣ 10-20 ದಿನಗಳಲ್ಲೇ ಒಡೆಯುತ್ತದೆ. ಚೆಲ್ಲಿದ ಹಿಮೋಗ್ಲೋಬಿನ್, ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡನ್ನು ಕಬಳಿಸುತ್ತದೆ. ಆದಕಾರಣ ಇದನ್ನು ಬರಿಯ ರಕ್ತಹೀನತೆ ಎನ್ನಲು ನನಗೆ ಮನಸ್ಸೊಪ್ಪದು. ಇದು ರಕ್ತನಾಳದ ರೋಗವೂ ಹೌದು.

ಇದು ಕೇವಲ ಹೆಸರಿನ ತಕರಾರಲ್ಲ. ರಕ್ತಹೀನತೆ ಎಂದೊಡನೆ ಕಬ್ಬಿಣದ ಗುಳಿಗೆ ಕೊಟ್ಟರೆ ತೀರಿತೆಂಬ ಭಾವನೆ ನಮ್ಮಲ್ಲಿದೆ. ನಾಳ ಕಟ್ಟಿದಾಗ ಮೂಳೆಯೊಳಗೆ ಏಳುವ ನೋವಿಗೆ ಹೊರಗೆ ಗಾಯವಿಲ್ಲ, ಗುರುತಿಲ್ಲ. ಮಾಗಿಯ ಚಳಿ ಸಾಕು, ನೀರು ಕುಡಿಯದೆ ದುಡಿದ ಒಂದು ಹಗಲು ಸಾಕು, ಅದು ಕೆರಳುವುದಕ್ಕೆ. ಅಂಥ ನೋವಿನಿಂದ ಕೂಲಿಗೆ ಬಾರದವನನ್ನು ಮೈಗಳ್ಳನೆಂದು ಹಳಿದದ್ದನ್ನು ನಾನೇ ಕೇಳಿದ್ದೇನೆ.

ತಾಯಿತಂದೆ ಇಬ್ಬರಿಂದಲೂ ದೋಷ ಬಂದರೆ ರೋಗ; ಒಬ್ಬರಿಂದ ಬಂದವರು ವಾಹಕರು, ಸಾಮಾನ್ಯವಾಗಿ ಆರೋಗ್ಯವಂತರು. ಮಲೇರಿಯದ ಉಗ್ರತೆಯಿಂದ ಅವರಿಗೆ ರಕ್ಷಣೆಯೂ ಉಂಟು. ಮಲೇರಿಯದ ಸೀಮೆಗಳಲ್ಲಿ ಈ ದೋಷ ಅಳಿಯದೆ ಉಳಿದದ್ದು ಅದರಿಂದ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನ 40 ವರ್ಷದವರೆಗಿನವರ ರಕ್ತಪರೀಕ್ಷೆಯನ್ನು ಕೈಗೊಂಡಿತು, ಚೀಟಿ ಹಂಚಿತು. ಚೀಟಿ ಹಂಚುವುದು ಸುಲಭದ ಭಾಗ. ಹೈಡ್ರಾಕ್ಸಿಯೂರಿಯಾ ಎಂಬ ಗುಳಿಗೆ ಶಿಶುವಿನ ಬಗೆಯ ಹಿಮೋಗ್ಲೋಬಿನ್ನನ್ನು ಹೆಚ್ಚಿಸಿ ಕಣದ ಅಂಟನ್ನೂ ತಗ್ಗಿಸುತ್ತದೆ. ಆದರೆ ಅದನ್ನು ನಿತ್ಯ ನುಂಗಬೇಕು, ಆಗಾಗ ರಕ್ತ ತೋರಿಸಬೇಕು. ಪೋಡಿನಿಂದ ಬಸ್ಸಿನ ದಾರಿಗೆ ನಡೆದು, ದಿನದ ಕೂಲಿ ಬಿಟ್ಟು ಬಂದವನಿಗೆ ‘ಔಷಧಿ ಮುಗಿದಿದೆ, ಮುಂದಿನ ವಾರ ಬಾ’ ಎಂದರೆ, ಅವನು ಮುಂದಿನ ವಾರ ಬರುವುದಿಲ್ಲ.