ಹೊಲದಲ್ಲಿ ಮಣ್ಣಾದವರು



ಇಂಗ್ಲೆಂಡಿನ ಡರ್ಬಿಶೈರಿನ ಗುಡ್ಡಗಳ ನಡುವೆ ಈಮ್ ಎಂಬ ಹಳ್ಳಿಯಿದೆ. ಸೀಸದ ಗಣಿ, ಕುರಿ, ಅಷ್ಟಿಷ್ಟು ಬೇಸಾಯ ಅದರ ಹಳೆಯ ಕಸುಬುಗಳು. 1665-66ರ ಪ್ಲೇಗಿನಿಂದಾಗಿ ಅದು ಲೋಕಪ್ರಸಿದ್ಧ. ಅಲ್ಲಿನ ಸೇಂಟ್ ಲಾರೆನ್ಸ್ ಚರ್ಚಿನ ಸ್ಮಶಾನಕ್ಕೆ ಹೋದವರು ಪ್ಲೇಗಿಗೆ ಬಲಿಯಾದವರ ಗೋರಿಗಳನ್ನು ಹುಡುಕುತ್ತಾರೆ. ಆದರೆ ಆ ಸತ್ತವರಲ್ಲಿ ಬಹಳ ಮಂದಿ ಅಲ್ಲಿಲ್ಲ. ಅವರೇಕೆ ಅಲ್ಲಿಲ್ಲ ಎಂಬುದೇ ನನ್ನ ಇಂದಿನ ವಿಷಯ.

ಚರ್ಚಿನ ಅಂಗಳದಲ್ಲಿ ನಿಂತಿರುವ ಕೆತ್ತನೆಯ ಕಲ್ಲು ಶಿಲುಬೆ 8ನೇ ಶತಮಾನದ್ದು. ಅದರ ಕಂಬದ ಒಂದು ತುಂಡು ಕಳೆದುಹೋಗಿದೆ. ಹಾಗಾಗಿ ಶಿಲುಬೆ ತುಸು ಕುಳ್ಳಾಗಿ ಕಾಣುತ್ತದೆ. ಪ್ಲೇಗಿನ ಕಾಲದ ಹಳ್ಳಿಯವರಿಗೆ ಚರ್ಚಿನ ಅಂಗಳದ ಮಣ್ಣು ಪವಿತ್ರ. ಅಂತ್ಯತೀರ್ಪಿನ ದಿನ ಏಳಬೇಕಾದವರು ಅಪ್ಪ, ಅಜ್ಜ, ಮುತ್ತಜ್ಜರ ಪಕ್ಕದಿಂದಲೇ ಏಳಬೇಕೆಂಬುದು ಅವರ ಆಸೆ. ಉತ್ತರಕ್ರಿಯೆ ತಪ್ಪಿದರೆ ಮನೆತನವೇ ನಲುಗುವ ಸಮಾಜದಿಂದ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1665ರಲ್ಲಿ ಲಂಡನ್ನಿನಿಂದ ಊರಿನ ದರ್ಜಿಯ ಮನೆಗೆ ಬಟ್ಟೆಯ ಗಂಟೊಂದು ಬಂತು. ಅದರ ಜೊತೆ ಚಿಗಟಗಳೂ ಬಂದವು ಎನ್ನುತ್ತಾರೆ. ಗಂಟು ಬಿಚ್ಚಿದ ಜಾರ್ಜ್ ವಿಕರ್ಸ್ ಎಂಬ ಕೆಲಸಗಾರ ಸೆಪ್ಟೆಂಬರಿನ ಮೊದಲ ವಾರ ಮುಗಿಯುವಷ್ಟರಲ್ಲಿ ಸತ್ತ. ಚಳಿಗಾಲದಲ್ಲಿ ಇಳಿದಿದ್ದ ರೋಗ 1666ರ ಜೂನಿನಲ್ಲಿ ಮತ್ತೆ ಹೊತ್ತಿಕೊಂಡಿತು.

ಆಗ ಮುಂದೆ ಬಂದವರು ಇಬ್ಬರು. ಒಬ್ಬ ವಿಲಿಯಂ ಮೊಂಪೆಸನ್, ಊರಿಗೆ ಹೊಸಬ, ಮೂವತ್ತು ತುಂಬದ ಪಾದ್ರಿ. ಇನ್ನೊಬ್ಬ ಥಾಮಸ್ ಸ್ಟಾನ್ಲಿ, ಸರ್ಕಾರ ವಿಧಿಸಿದ ಪೂಜಾವಿಧಿಗೆ ಒಪ್ಪದೆ ಹುದ್ದೆ ಕಳೆದುಕೊಂಡಿದ್ದ ಹಿಂದಿನ ಪಾದ್ರಿ. ಜನರ ನಂಬಿಕೆ ಇದ್ದದ್ದು ಸ್ಟಾನ್ಲಿಯ ಮೇಲೆ, ಅಧಿಕಾರ ಇದ್ದದ್ದು ಮೊಂಪೆಸನ್ನನ ಕೈಯಲ್ಲಿ. ಇಬ್ಬರೂ ಸೇರಿ ಊರನ್ನು ಒಪ್ಪಿಸಿದರು. ಯಾರೂ ಗಡಿ ದಾಟಬಾರದು, ಪ್ರಾರ್ಥನೆ ಚರ್ಚಿನೊಳಗೆ ಬೇಡ, ಕಕ್ಲೆಟ್ ಡೆಲ್ಫ್ ಎಂಬ ಬಯಲು ಕಣಿವೆಯಲ್ಲಿ ಆಗಲಿ, ಸತ್ತವರನ್ನು ಅವರವರ ಮನೆಯವರೇ ಹಿತ್ತಲಲ್ಲೋ ಹೊಲದಲ್ಲೋ ಮಣ್ಣು ಮಾಡಲಿ.

ಚರಿತ್ರೆಯ ಪುಸ್ತಕಗಳು ಮೊದಲನೆಯ ನಿರ್ಧಾರವನ್ನೇ ಕೊಂಡಾಡುತ್ತವೆ. ಗಡಿಕಲ್ಲಿನ ಕುಳಿಗಳಲ್ಲಿ ವಿನಿಗರ್ ತುಂಬಿ ಕಾಸು ಇಟ್ಟು ಹೊರಗಿನವರಿಂದ ದಿನಸಿ ಪಡೆದ ಕಥೆ ಎಲ್ಲೆಡೆ ಸಿಗುತ್ತದೆ. ನನ್ನ ಪ್ರಕಾರ ಮೂರನೆಯದೇ ಹೆಚ್ಚು ಕಠಿಣ. ಊರಲ್ಲಿ ಉಳಿದವರಿಗೆ ಬದುಕುವ ಆಸೆಯಾದರೂ ಇತ್ತು. ಸ್ಮಶಾನ ಬಿಟ್ಟುಕೊಟ್ಟವರು ಸತ್ತ ಮೇಲಿನ ಭರವಸೆಯನ್ನೂ ಪಣಕ್ಕಿಟ್ಟರು.

ಎಲಿಜಬೆತ್ ಹ್ಯಾನ್‌ಕಾಕ್ ಎಂಬ ಹೆಂಗಸು 1666ರ ಆಗಸ್ಟಿನಲ್ಲಿ ಎಂಟೇ ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡಳು. ಏಳೂ ಹೆಣಗಳನ್ನು ತಾನೇ ಎಳೆದೊಯ್ದು, ತಾನೇ ಗುಂಡಿ ತೋಡಿ ಮನೆಯ ಹತ್ತಿರದ ಹೊಲದಲ್ಲಿ ಹೂತಳು. ರೈಲಿ ಗೋರಿಗಳೆಂದು ಹೆಸರಾದ ಆ ಜಾಗದ ಸುತ್ತ ಈಗ ಕಲ್ಲುಗೋಡೆಯಿದೆ. ನ್ಯಾಷನಲ್ ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತಿದೆ. ಹೂಳಲು ಯಾರೂ ಇಲ್ಲದ ಮನೆಗಳಿಗೆ ಮಾರ್ಷಲ್ ಹೌ ಎಂಬವನು ಬರುತ್ತಿದ್ದನಂತೆ. ಕೂಲಿಗೆ ಬದಲು ಸತ್ತವರ ಸಾಮಾನು ಹೊತ್ತೊಯ್ಯುತ್ತಿದ್ದ ಎಂದು ಊರಿನ ಐತಿಹ್ಯ. ಅವನನ್ನು ಬೈಯುವುದು ಸುಲಭ. ಆದರೆ ಆ ಕೆಲಸಕ್ಕೆ ಬೇರೆ ಯಾರು ಬರುತ್ತಿದ್ದರು?

ಸ್ಮಶಾನದೊಳಗೆ ಎದ್ದು ಕಾಣುವ ಪ್ಲೇಗಿನ ಗೋರಿ ಕ್ಯಾಥರೀನ್ ಮೊಂಪೆಸನ್ನಳದು, ಅಂದರೆ ಪಾದ್ರಿಯ ಹೆಂಡತಿಯದು. 1666ರ ಆಗಸ್ಟ್ 25ರಂದು ಅವಳು ತೀರಿಕೊಂಡಳು. ಮಕ್ಕಳನ್ನು ಮೊದಲೇ ಹೊರಗೆ ಕಳಿಸಿದ್ದ ದಂಪತಿ ಅವರು. ಆದರೂ ಕ್ಯಾಥರೀನ್ ಮಾತ್ರ ಗಂಡನ ಜೊತೆ ಉಳಿದು ರೋಗಿಗಳ ಸೇವೆ ಮಾಡಿದಳು. ಅವಳ ಗೋರಿಗೆ ಗೌರವ ಸಲ್ಲಲೇಬೇಕು. ಊರಿಗೆಲ್ಲ ಇಲ್ಲವಾದ ಮಣ್ಣು ಪಾದ್ರಿಯ ಮನೆಗೆ ಸಿಕ್ಕಿತು ಎಂಬುದನ್ನೂ ನಾವು ಗಮನಿಸಬೇಕು. ತ್ಯಾಗದ ಕಥೆಗಳನ್ನು ಹೇಳುವಾಗ ಇಂಥ ಬಿರುಕುಗಳನ್ನು ಮುಚ್ಚಿಬಿಡುವ ಚಾಳಿ ಎಲ್ಲ ದೇಶಗಳಲ್ಲೂ ಇದೆ.

1666ರ ನವೆಂಬರಿನಲ್ಲಿ ರೋಗ ನಿಂತಿತು. ಸತ್ತವರು ಸುಮಾರು 260 ಎಂಬುದು ರೂಢಿಯಲ್ಲಿರುವ ಲೆಕ್ಕ. ಅಂಗಳದ ಮಣ್ಣು ಸಿಗದವರಿಗೂ ಚರ್ಚಿನ ದಾಖಲೆ ಪುಸ್ತಕದಲ್ಲಿ ಜಾಗ ಸಿಕ್ಕಿತು. ಹೊಲದಲ್ಲಿ ಹೂತವರ ಹೆಸರನ್ನೂ ಅದರಲ್ಲಿ ಬರೆದರು. ಮೊಂಪೆಸನ್ ಮುಂದೆ ನಾಟಿಂಗ್‌ಹ್ಯಾಮ್‌ಶೈರಿನ ಈಕ್ರಿಂಗ್ ಊರಿಗೆ ಹೋದಾಗ ಅಲ್ಲಿಯ ಜನ ಹೆದರಿ ಅವನನ್ನು ದೂರ ಇಟ್ಟರಂತೆ.

ಆಮೇಲೆ ಸ್ಮಶಾನ ಮತ್ತೆ ಎಲ್ಲರದಾಯಿತು. ಕ್ರಿಕೆಟ್ ಪ್ರಿಯರಿಗಾಗಿ ಒಂದು ಮಾತು: 1927ರಲ್ಲಿ ತೀರಿಕೊಂಡ ಡರ್ಬಿಶೈರ್ ಆಟಗಾರ, ಅಂಪೈರ್ ಹ್ಯಾರಿ ಬ್ಯಾಗ್‌ಶಾ ಅವರ ಗೋರಿಯೂ ಅಲ್ಲಿದೆ. ಅದರ ಮೇಲೆ ಹಾರಿಬಿದ್ದ ವಿಕೆಟ್, ಔಟ್ ಎಂದು ಎತ್ತಿದ ಅಂಪೈರನ ಬೆರಳು ಕೆತ್ತಿದ್ದಾರೆ!

ನಿಮ್ಮಲ್ಲಿ ಯಾರಾದರೂ ಮಕ್ಕಳನ್ನು ನೋಡಲು ಇಂಗ್ಲೆಂಡಿಗೆ ಹೋದರೆ ಈಮ್‌ಗೂ ಹೋಗಿಬನ್ನಿ. ಚರ್ಚಿನ ಅಂಗಳ ನೋಡಿ ಹಿಂದಿರುಗಬೇಡಿ, ಊರಾಚೆಯ ರೈಲಿ ಗೋರಿಗಳವರೆಗೂ ನಡೆಯಿರಿ. ಆಗಸ್ಟಿನ ಕೊನೆಯ ಭಾನುವಾರ ಹೋದರೆ ಪ್ಲೇಗಿನ ಸ್ಮರಣೆಯ ಪ್ರಾರ್ಥನೆಯಲ್ಲೂ ಪಾಲ್ಗೊಳ್ಳಬಹುದು. ಅದು ನಡೆಯುವುದು ಸ್ಮಶಾನದಲ್ಲಲ್ಲ, ಕಕ್ಲೆಟ್ ಡೆಲ್ಫ್ ಕಣಿವೆಯಲ್ಲಿ.